ಇಪ್ಪತ್ತು ರೂಪಾಯಿಯ ಲೆಕ್ಕ

ಹೈಸ್ಕೂಲಿನಲ್ಲಿ ದಾದಾಭಾಯಿ ನವರೋಜಿ ಅಂದ್ರೆ ನನಗೆ ಎರಡು ಮಾರ್ಕಿನ ಉತ್ತರ ಅಷ್ಟೇ. ಡ್ರೇನ್ ಥಿಯರಿ, ಸಂಪತ್ತಿನ ಸೋರಿಕೆ, ಮುಗೀತು. ಅವರು ಗಣಿತದ ಮೇಷ್ಟ್ರು ಅಂತ ಗೊತ್ತಾಗಿದ್ದು ಇಂಜಿನಿಯರಿಂಗ್ ಸೇರಿದ ಮೇಲೆ. ಆಮೇಲೆ ಅವರ ಕಥೆ ಬೇರೆ ಥರಾನೇ ಕಾಣಿಸ್ತು.

1825ರ ಸೆಪ್ಟೆಂಬರ್ 4ರಂದು ಬಡ ಪಾರ್ಸಿ ಕುಟುಂಬದಲ್ಲಿ ಹುಟ್ಟಿದರು. ನಾಲ್ಕು ವರ್ಷದವರಿದ್ದಾಗ ತಂದೆ ತೀರಿಕೊಂಡರು. ತಾಯಿ ಮಾಣೆಕ್‌ಬಾಯಿ ಒಬ್ಬರೇ ಸಾಕಿದರು. ಬೊಂಬಾಯಿಯಲ್ಲಿ ಫೀಸಿಲ್ಲದ ಶಾಲೆ ಸಿಕ್ಕಿದ್ದರಿಂದ ಓದು ನಡೆಯಿತು. ಆ ಓದಿನ ಖರ್ಚು ಬಡವರ ದುಡ್ಡಿನಿಂದ ಬಂದದ್ದು, ಅದನ್ನು ತೀರಿಸಬೇಕು ಅನ್ನೋದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು. ಮುಂದೆ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತದ ಪ್ರೊಫೆಸರ್ ಆದರು. ಅಲ್ಲಿ ಆ ಹುದ್ದೆಗೆ ಬಂದ ಮೊದಲ ಭಾರತೀಯ ಅವರೇ. 1855ರಲ್ಲಿ ವ್ಯಾಪಾರಕ್ಕೆ ಅಂತ ಲಂಡನ್ನಿಗೆ ಹೋದರು.

ಭಾರತ ಸುಖವಾಗಿದೆ ಅಂತ ಅಲ್ಲಿನ ಅಧಿಕಾರಿಗಳು ಹೇಳ್ತಿದ್ದರು. ನವರೋಜಿ ಜಗಳಕ್ಕೆ ಹೋಗಲಿಲ್ಲ, ಲೆಕ್ಕಕ್ಕೆ ಕೂತರು. ಸರ್ಕಾರದ್ದೇ ವರದಿಗಳನ್ನು ತೆಗೆದು, ಪ್ರಾಂತ್ಯವಾರು ಬೆಳೆ, ಉಪ್ಪು, ಕಲ್ಲಿದ್ದಲು ಎಲ್ಲಾ ಕೂಡಿಸಿದರು. ಬ್ರಿಟಿಷ್ ಭಾರತದ ಒಟ್ಟು ಉತ್ಪತ್ತಿ 34 ಕೋಟಿ ಪೌಂಡ್, ಜನ 17 ಕೋಟಿ. ಭಾಗಿಸಿದರೆ ತಲೆಗೆ ಎರಡು ಪೌಂಡ್, ಅಂದ್ರೆ ವರ್ಷಕ್ಕೆ 20 ರೂಪಾಯಿ! ಪಕ್ಕದಲ್ಲೇ ಜೈಲುಗಳ ಖರ್ಚನ್ನೂ ಇಟ್ಟರು. ಕೈದಿಯೊಬ್ಬನ ಊಟ ಬಟ್ಟೆಗೆ ಸರ್ಕಾರವೇ ಅದಕ್ಕಿಂತ ಹೆಚ್ಚು ಖರ್ಚು ಮಾಡ್ತಿತ್ತು. 1882ರಲ್ಲಿ ಸರ್ಕಾರದ ಕಡೆಯವರು ಮಾಡಿದ ಲೆಕ್ಕವೂ 27 ರೂಪಾಯಿ ದಾಟಲಿಲ್ಲ.

ಇಂಥವರ ಉಪ್ಪಿನ ಮೇಲೂ ತೆರಿಗೆ ಇತ್ತು. ಇಂಗ್ಲೆಂಡಿನವರೂ ತೆರಿಗೆ ಕಟ್ತಾರಲ್ಲ ಅನ್ನೋ ವಾದಕ್ಕೆ ನವರೋಜಿ ಹತ್ತಿರ ಉತ್ತರ ಇತ್ತು. ಅಲ್ಲಿನ ತೆರಿಗೆ ಅಲ್ಲೇ ಖರ್ಚಾಗಿ ಜನರ ಕೈಗೆ ವಾಪಸ್ ಬರುತ್ತೆ. ಇಲ್ಲಿನ ತೆರಿಗೆಯ ದೊಡ್ಡ ಪಾಲು ಪೆನ್ಷನ್, ಬಡ್ಡಿ, ಸಂಬಳ ಅಂತ ಹಡಗು ಹತ್ತಿ ಹೋಗುತ್ತೆ. ಲಂಡನ್ನಿನಲ್ಲಿ ಕೂತ ಭಾರತ ಮಂತ್ರಿಯ ಸಂಬಳವೂ ನಮ್ಮ ರೈತರದ್ದೇ. ಆದರೆ ಆ ಮಂತ್ರಿ ಉತ್ತರ ಕೊಡಬೇಕಾಗಿದ್ದು ಬ್ರಿಟಿಷ್ ಪಾರ್ಲಿಮೆಂಟಿಗೆ ಮಾತ್ರ.

ಹಾಗಾದ್ರೆ ಕೇಳೋ ಜಾಗಕ್ಕೇ ಹೋಗಬೇಕು ಅಂತ ಚುನಾವಣೆಗೆ ನಿಂತರು. 1886ರಲ್ಲಿ ಸೋತರು. 1892ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿಯಲ್ಲಿ ಕೇವಲ 5 ಮತಗಳಿಂದ ಗೆದ್ದರು. 1895ರಲ್ಲಿ ಭಾರತದ ಖರ್ಚುವೆಚ್ಚ ಪರಿಶೀಲಿಸಲು ವೆಲ್ಬಿ ಆಯೋಗ ಬಂದಾಗ ಅದರ ಸದಸ್ಯರಾದರು. ಸದಸ್ಯರಾಗಿದ್ದುಕೊಂಡೇ ಸಾಕ್ಷಿಯಾಗಿಯೂ ಕೂತು ತಮ್ಮ ಲೆಕ್ಕ ಒಪ್ಪಿಸಿದರು. ಬಹುಮತದ ವರದಿ ಒಪ್ಪಿಗೆಯಾಗದೆ ಇನ್ನಿಬ್ಬರ ಜೊತೆ ಬೇರೆ ವರದಿಗೆ ಸಹಿ ಹಾಕಿದರು. ಸೋರಿಕೆ ನಿಲ್ಲಲಿಲ್ಲ. 1906ರಲ್ಲಿ, 81ನೇ ವಯಸ್ಸಿನಲ್ಲಿ, ಕಲ್ಕತ್ತಾ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಸ್ವರಾಜ್ಯವನ್ನೇ ಕೇಳಿದರು. 1917ರ ಜೂನ್ 30ರಂದು ತೀರಿಕೊಂಡರು.

ನಮ್ಮ ಕ್ಲಾಸಿನಲ್ಲೂ ಸರ್ಕಾರಿ ಸೀಟಿನವರು ಬಹಳ ಜನ ಇದ್ದೀವಿ. ನಾವು ಕಟ್ಟೋ ಫೀಸು ಪೂರ್ತಿ ಖರ್ಚಲ್ಲ. ಉಳಿದದ್ದರಲ್ಲಿ ಅಂಗಡಿಯಲ್ಲಿ ಸೋಪು ಕೊಂಡ ಕೂಲಿಯವರ ತೆರಿಗೆಯೂ ಇದೆ. ಬಜೆಟ್ ಬಂದಾಗ ಯಾವುದು ದುಬಾರಿ, ಯಾವುದು ಅಗ್ಗ ಅಂತ ಮಾತ್ರ ನೋಡ್ತಿದ್ದೆ. ಈ ಸಲ ಕ್ಯಾಲ್ಕುಲೇಟರ್ ಇಟ್ಟುಕೊಂಡು, ಆ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ನೋಡಬೇಕು ಅಂದುಕೊಂಡಿದ್ದೀನಿ.