ನಾಡಿನ ಹಾಡು, ದೇವರ ಹಾಡು: ಆಂಟೊನೀನ್ ಡ್ವೋರ್ಝಾಕ್ ಅವರ ಬಾಳು

ದೇವರನ್ನು ಪ್ರೀತಿಸುವುದಕ್ಕೂ ಹುಟ್ಟಿದ ನಾಡನ್ನು ಪ್ರೀತಿಸುವುದಕ್ಕೂ ವಿರೋಧವುಂಟೆಂದು ಎಣಿಸುವವರು ಎಲ್ಲ ಕಾಲದಲ್ಲಿಯೂ ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಕಥೋಲಿಕನಾದವನು ರೋಮಿನ ಕಡೆಗೆ ಮುಖ ಮಾಡಿದವನು, ಅವನಿಗೆ ಈ ನೆಲದ, ಈ ನುಡಿಯ ಹಂಗೇನು ಎಂಬ ಮಾತು ನಮ್ಮ ಕಿವಿಗೂ ಬಿದ್ದಿರುವುದುಂಟು. ಇಂತಹ ಮಾತಿಗೆ ವಾದದಿಂದ ಉತ್ತರ ಕೊಡುವುದಕ್ಕಿಂತ ಬಾಳಿನಿಂದ ಉತ್ತರ ಕೊಡುವುದು ಮೇಲು. ಹಾಗೆ ಉತ್ತರ ಕೊಟ್ಟವರಲ್ಲೊಬ್ಬರು ಚೆಕ್ ನಾಡಿನ ಸಂಗೀತ ರಚನಕಾರ ಆಂಟೊನೀನ್ ಡ್ವೋರ್ಝಾಕ್. ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ, ಇಲ್ಲಿ ತಲೆಮಾರುಗಳಿಂದ ಹಾಡುತ್ತ ಬಂದಿರುವ ಗಾನವೃಂದದವರನ್ನು ನೆನೆಯುತ್ತ, ಆ ಮಹನೀಯರ ಜೀವನವನ್ನು ಓದುಗರ ಮುಂದಿಡುತ್ತೇನೆ.

ಅವರ ಬಾಳನ್ನು ಅರಿಯಬೇಕಾದರೆ ಅವರ ನಾಡಿನ ಗಾಯವನ್ನು ಮೊದಲು ಅರಿಯಬೇಕು. ಇಂದಿನ ಚೆಕ್ ಗಣರಾಜ್ಯದ ಬಹುಭಾಗ ಹಿಂದೆ ಬೊಹೆಮಿಯ ಎಂಬ ರಾಜ್ಯವಾಗಿತ್ತು. ಹತ್ತನೆಯ ಶತಮಾನದಲ್ಲಿ ಅಲ್ಲಿ ಆಳಿ, ತಮ್ಮನ ಕಡೆಯವರಿಂದಲೇ ಹತರಾದ ಸಂತ ವೆನ್ಸೆಸ್ಲಾಸರು ಆ ಜನರ ಪಾಲಕ ಸಂತರು. ಅವರಿಗೆ ವಿಶ್ವಾಸದ ಹಾಲೆರೆದ ಅಜ್ಜಿ ಸಂತ ಲುದ್ಮಿಲಾ. ಹೀಗೆ ಆರಂಭವಾದ ಕ್ರೈಸ್ತ ಪರಂಪರೆ ಮುಂದೆ ಸೀಳಿಹೋಯಿತು. ಪ್ರಾಗ್ ನಗರದ ಬೋಧಕ ಯಾನ್ ಹುಸ್ ಅವರನ್ನು 1415ರ ಜುಲೈ 6ರಂದು ಕಾನ್‌ಸ್ಟನ್ಸ್ ನಗರದಲ್ಲಿ ಜೀವಂತವಾಗಿ ಸುಡಲಾಯಿತು. ಅವರ ಅನುಯಾಯಿಗಳು ಆಯುಧ ಹಿಡಿದರು; ವರ್ಷಗಟ್ಟಲೆ ರಕ್ತ ಹರಿಯಿತು. 1620ರಲ್ಲಿ ಪ್ರಾಗ್ ಸಮೀಪದ ಬಿಳಿಬೆಟ್ಟದ ಕಾಳಗದಲ್ಲಿ ಕಥೋಲಿಕ ಚಕ್ರವರ್ತಿಯ ಸೇನೆ ಬೊಹೆಮಿಯದ ಪ್ರೊಟೆಸ್ಟೆಂಟ್ ಪಕ್ಷದವರನ್ನು ಸೋಲಿಸಿತು. ಕ್ರಮೇಣ ಆಡಳಿತದಲ್ಲಿಯೂ ವಿದ್ಯೆಯಲ್ಲಿಯೂ ಜರ್ಮನ್ ಭಾಷೆ ಮೇಲಾಯಿತು. ಚೆಕ್ ಭಾಷೆ ಹೊಲಮನೆಗಳ, ಅಡಿಗೆಮನೆಗಳ ನುಡಿಯಾಗಿ ಉಳಿಯಿತು. ಆದಕಾರಣ ಹತ್ತೊಂಬತ್ತನೆಯ ಶತಮಾನದಲ್ಲಿ ಚೆಕ್ ಜನತೆ ಎಚ್ಚೆತ್ತಾಗ, ಧರ್ಮಸಭೆಯು ಗೆದ್ದವರ ಪಕ್ಷದ್ದು ಎಂದು ಅನೇಕ ದೇಶಭಕ್ತರು ಬಗೆದುದರಲ್ಲಿ ಆಶ್ಚರ್ಯವಿಲ್ಲ. ಭಕ್ತ ಕಥೋಲಿಕನೂ ಅಪ್ಪಟ ದೇಶಾಭಿಮಾನಿಯೂ ಆಗಿರಬೇಕೆಂದವನಿಗೆ ಅದು ಸುಲಭದ ಕಾಲವಾಗಿರಲಿಲ್ಲ.

ಡ್ವೋರ್ಝಾಕ್ ಅವರು 1841ರ ಸೆಪ್ಟೆಂಬರ್ 8ರಂದು, ಕನ್ಯಾಮಾತೆ ಮರಿಯಮ್ಮನವರ ಜನನೋತ್ಸವದ ದಿನ, ಪ್ರಾಗ್ ನಗರದ ಉತ್ತರಕ್ಕೆ ವ್ಲ್ತಾವ ನದಿಯ ದಡದಲ್ಲಿರುವ ನೆಲಹೊಜೆವೆಸ್ ಎಂಬ ಹಳ್ಳಿಯಲ್ಲಿ ಜನಿಸಿದರು. ಅದೇ ಹಳ್ಳಿಯ ಸಂತ ಅಂದ್ರೆಯರ ದೇವಾಲಯದಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. ತಂದೆ ಫ್ರಾಂಟಿಷೆಕ್ ಕಟುಕ ವೃತ್ತಿಯವರು, ಜೊತೆಗೆ ಊಟವಸತಿಯ ಛತ್ರವನ್ನೂ ನಡೆಸುತ್ತಿದ್ದರು. ತಂತಿವಾದ್ಯ ನುಡಿಸುವ ಹವ್ಯಾಸವೂ ಅವರಿಗಿತ್ತು. ಹಿರಿಯ ಮಗ ತನ್ನ ಕಸುಬನ್ನೇ ಹಿಡಿಯಲಿ ಎಂಬುದು ಅವರ ಅಪೇಕ್ಷೆ. ಆದರೆ ಊರಿನ ಉಪಾಧ್ಯಾಯರು ಹುಡುಗನ ಕೈಗೆ ಪಿಟೀಲು ಕೊಟ್ಟರು. ಮುಂದೆ ಜ್ಲೊನಿತ್ಸೆ ಎಂಬಲ್ಲಿ ಆಂಟೊನೀನ್ ಲೀಮನ್ ಎಂಬ ಶಿಕ್ಷಕರು ಆರ್ಗನ್ ಮತ್ತು ಸ್ವರಶಾಸ್ತ್ರಗಳನ್ನು ಕಲಿಸಿದರು. ಲೀಮನ್ ಅವರು ಮುಂಗೋಪಿಯಾದರೂ ನಿಷ್ಠಾವಂತ ಗುರು. ಹಲವು ವರ್ಷಗಳ ಅನಂತರ ಶಿಷ್ಯನು 1889ರಲ್ಲಿ ರಂಗವೇರಿದ ತನ್ನ ಗೀತನಾಟಕವೊಂದರಲ್ಲಿ ಆ ಗುರುವನ್ನೇ ಹೋಲುವ ಹಳ್ಳಿಯ ಶಾಲಾಮಾಸ್ತರರ ಪಾತ್ರವನ್ನು ಚಿತ್ರಿಸಿ ಋಣ ತೀರಿಸಿದನು. ಹಳ್ಳಿಯ ದೇವಾಲಯದಲ್ಲಿ ಮಕ್ಕಳಿಗೆ ಹಾಡು ಕಲಿಸುವ ಉಪದೇಶಿಗಳೂ ಶಿಕ್ಷಕರೂ ತಮ್ಮ ಶ್ರಮ ವ್ಯರ್ಥವೆಂದು ಎಂದಿಗೂ ತಿಳಿಯಬಾರದು.

ಸೋದರಮಾವನ ಹಣದ ನೆರವಿನಿಂದ 1857ರಲ್ಲಿ ಅವರು ಪ್ರಾಗಿನ ಆರ್ಗನ್ ಶಾಲೆಯನ್ನು ಸೇರಿದರು. ಎರಡು ವರ್ಷಗಳ ವ್ಯಾಸಂಗ ಮುಗಿದ ಮೇಲೆ ದೊರೆತದ್ದು ವಾದ್ಯತಂಡವೊಂದರಲ್ಲಿ ವಿಯೋಲಾ ನುಡಿಸುವ ಕೆಲಸ. 1862ರಿಂದ ಸುಮಾರು ಒಂಬತ್ತು ವರ್ಷ ಅವರು ಚೆಕ್ ರಂಗಭೂಮಿಯ ವಾದ್ಯವೃಂದದಲ್ಲಿ ಎಲ್ಲರ ನಡುವೆ ಒಬ್ಬರಾಗಿ ಕುಳಿತು ನುಡಿಸಿದರು. ಕೆಲವು ಕಾಲ ಆ ವೃಂದದ ನಿರ್ದೇಶಕರಾಗಿದ್ದವರು ಚೆಕ್ ಸಂಗೀತದ ಪಿತಾಮಹರೆನಿಸಿದ ಬೆದ್ರಿಖ್ ಸ್ಮೆತನ. ಆ ಅವಧಿಯಲ್ಲಿ ಡ್ವೋರ್ಝಾಕ್ ಅವರು ರಾತ್ರಿ ಹಗಲೆನ್ನದೆ ಬರೆದುದು ಹೆಚ್ಚಿನ ಪಾಲು ಯಾರ ಕಿವಿಗೂ ಬೀಳಲಿಲ್ಲ.

ನಾಡು ಅವರ ಹೆಸರನ್ನು ಮೊದಲು ಕೇಳಿದ್ದು 1873ರ ಮಾರ್ಚ್ 9ರಂದು. ಕವಿ ವೀತ್ಯೆಸ್ಲಾವ್ ಹಾಲೆಕ್ ಅವರು ಬಿಳಿಬೆಟ್ಟದ ಸೋಲನ್ನು ನೆನೆದು ಬರೆದಿದ್ದ ಕವನಕ್ಕೆ ಡ್ವೋರ್ಝಾಕ್ ಅವರು ವಾದ್ಯವೃಂದ ಸಹಿತವಾದ ಮಹಾಗೀತೆಯೊಂದನ್ನು ರಚಿಸಿದ್ದರು. ಅಂದು ಪ್ರಾಗಿನ ದೊಡ್ಡ ಗಾಯಕವೃಂದವೊಂದು ಅದನ್ನು ಹಾಡಿತು. ಸೋತ ಜನರ ಮಕ್ಕಳು ತಮ್ಮ ತಾಯ್ನಾಡಿಗೆ ಮತ್ತೆ ನಿಷ್ಠೆ ತೋರುವ ಆ ಗೀತೆಗೆ ಜನ ಮನಸೋತರು. ಅದೇ ವರ್ಷ ನವೆಂಬರಿನಲ್ಲಿ ಆನ್ನಾ ಚೆರ್ಮಾಕೊವಾ ಅವರೊಡನೆ ಅವರ ವಿವಾಹವಾಯಿತು. ಮರುವರ್ಷ ಪ್ರಾಗಿನ ಸಂತ ಅಡಾಲ್ಬರ್ಟರ ದೇವಾಲಯದಲ್ಲಿ ಆರ್ಗನ್ ವಾದಕರಾಗಿ ನೇಮಕಗೊಂಡರು. ಸಂಬಳ ಅಲ್ಪ; ಆದರೂ 1877ರವರೆಗೆ ಆ ಸೇವೆಯನ್ನು ಬಿಡಲಿಲ್ಲ. ಬಿಳಿಬೆಟ್ಟದ ಸೋಲಿಗೆ ಮರುಗುವ ಗೀತೆ ಬರೆದ ಕೈಗಳೇ ಭಾನುವಾರದ ಬಲಿಪೂಜೆಯಲ್ಲಿ ಆರ್ಗನ್ ನುಡಿಸುತ್ತಿದ್ದವು ಎಂಬುದನ್ನು ಗಮನಿಸಬೇಕು.

ಈ ವರ್ಷಗಳಲ್ಲಿಯೇ ಆ ಮನೆಗೆ ಘೋರ ದುಃಖ ಬಂದೆರಗಿತು. 1875ರಲ್ಲಿ ಹೆಣ್ಣುಮಗುವೊಂದು ಹುಟ್ಟಿದ ಎರಡೇ ದಿನಗಳಲ್ಲಿ ತೀರಿಕೊಂಡಿತು. 1877ರ ಆಗಸ್ಟಿನಲ್ಲಿ ಇನ್ನೂ ವರ್ಷ ತುಂಬದ ರೂಜೆನಾ ಎಂಬ ಮಗು ರಂಜಕದ ದ್ರಾವಣವನ್ನು ಆಕಸ್ಮಿಕವಾಗಿ ಕುಡಿದು ಮರಣ ಹೊಂದಿತು. ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ 8ರಂದು, ತಂದೆಯ ಹುಟ್ಟುಹಬ್ಬದ ದಿನವೇ, ಮೂರು ವರ್ಷದ ಒಟಕರ್ ಸಿಡುಬಿಗೆ ಬಲಿಯಾದನು. ಮನೆಯಲ್ಲಿ ಒಂದು ಮಗುವೂ ಉಳಿಯಲಿಲ್ಲ. ಮೊದಲ ಮಗಳ ಮರಣದ ಅನಂತರ, 1876ರಲ್ಲಿ, ಅವರು ವ್ಯಾಕುಲಮಾತೆಯ ಲತೀನ್ ಗೀತೆಯಾದ ಸ್ತಾಬತ್ ಮಾತೆರ್‌ಗೆ ಸ್ವರ ಹಾಕಲು ತೊಡಗಿ, ಕರಡಿನಲ್ಲಿ ನಿಲ್ಲಿಸಿಬಿಟ್ಟಿದ್ದರು. ಶಿಲುಬೆಹಾದಿಯ ಭಕ್ತಿಯಲ್ಲಿ ಒಂದು ಸ್ಥಳದಿಂದ ಮತ್ತೊಂದಕ್ಕೆ ಸಾಗುವಾಗ ವಿಶ್ವಾಸಿಗಳು ಹಾಡುತ್ತ ಬಂದಿರುವ ಗೀತೆಯದು. ಉಳಿದ ಇಬ್ಬರು ಮಕ್ಕಳನ್ನೂ ಮಣ್ಣು ಮಾಡಿ ಬಂದ ತಂದೆ ಆ ಕರಡನ್ನು ಮತ್ತೆ ಕೈಗೆತ್ತಿಕೊಂಡು ಅದೇ ನವೆಂಬರಿನಲ್ಲಿ ಪೂರ್ಣಗೊಳಿಸಿದರು. ದೇವರನ್ನು ದೂರಬಹುದಾಗಿದ್ದ ಗಳಿಗೆಯಲ್ಲಿ ಅವರು ಶಿಲುಬೆಯಡಿಯಲ್ಲಿ ನಿಂತ ತಾಯಿಯ ಪಕ್ಕದಲ್ಲಿ ಹೋಗಿ ನಿಂತರು. ಮುಂದೆ ದೇವರು ಆ ದಂಪತಿಗಳಿಗೆ ಆರು ಮಕ್ಕಳನ್ನು ಕರುಣಿಸಿದನು. 1884ರಲ್ಲಿ ಲಂಡನ್ನಿನಲ್ಲಿ ಅವರು ತಾವೇ ನಿಂತು ಈ ಕೃತಿಯನ್ನು ನಡೆಸಿದಾಗ ದೊರೆತ ಗೌರವ ಅವರನ್ನು ಜಗತ್ತಿಗೆ ಪರಿಚಯಿಸಿತು.

ಕೀರ್ತಿಯ ಜೊತೆಯಲ್ಲಿಯೇ ಪರೀಕ್ಷೆಯೂ ಬಂದಿತು. ವಿಯೆನ್ನಾದ ಮಹಾಸಂಗೀತಗಾರ ಬ್ರಾಮ್ಸ್ ಅವರು ಡ್ವೋರ್ಝಾಕ್ ಅವರ ಪ್ರತಿಭೆಯನ್ನು ಗುರುತಿಸಿ 1877ರಲ್ಲಿ ಬರ್ಲಿನ್ನಿನ ಪ್ರಕಾಶಕ ಸಿಮ್ರೊಕ್ ಅವರಿಗೆ ಶಿಫಾರಸು ಮಾಡಿದ್ದರು. 1878ರ ಸ್ಲಾವಿಕ್ ನೃತ್ಯಗಳಿಂದ ಹೆಸರೂ ಹಣವೂ ಬಂದವು. ಆದರೆ ಪ್ರಕಾಶಕರು ಅವರ ಹೆಸರನ್ನು ಆಂಟನ್ ಎಂಬ ಜರ್ಮನ್ ರೂಪದಲ್ಲಿಯೇ ಅಚ್ಚು ಹಾಕುತ್ತಿದ್ದರು. ತಾಯಿ ಕರೆದ ಹೆಸರು ಮುಖಪುಟದಲ್ಲಿರಬೇಕೆಂದು ಅವರು ಪಟ್ಟು ಹಿಡಿದರು. ಕಡೆಗೆ ಎರಡು ಭಾಷೆಗೂ ಸಲ್ಲುವಂತೆ ಹೆಸರನ್ನು ಮೊಟಕುಗೊಳಿಸಿ ಅಚ್ಚು ಹಾಕುವ ಒಪ್ಪಂದವಾಯಿತು. ವಿಯೆನ್ನಾಕ್ಕೆ ಬಂದು ನೆಲೆಸಿ, ಜರ್ಮನ್ ಭಾಷೆಯಲ್ಲಿ ಗೀತನಾಟಕ ಬರೆಯಬೇಕೆಂದು ಹಿತೈಷಿಗಳು ಒತ್ತಾಯಿಸಿದಾಗಲೂ ಅವರು ಒಪ್ಪಲಿಲ್ಲ. ಹಾಗೆಂದು ಜರ್ಮನರ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಜರ್ಮನರೂ ಪ್ರೊಟೆಸ್ಟೆಂಟ್ ಮನೆತನದವರೂ ಆದ ಬ್ರಾಮ್ಸ್ ಅವರೊಡನೆ ಅವರ ಸ್ನೇಹ ಕೊನೆಯವರೆಗೂ ಬಾಡಲಿಲ್ಲ. ತನ್ನ ತಾಯಿಯನ್ನು ಗೌರವಿಸುವವನು ಪರರ ತಾಯಿಯನ್ನು ಹಳಿಯಬೇಕಾಗಿಲ್ಲ.

ಜನರು ಕಾಸಿಗೆ ಕಾಸು ಕೂಡಿಸಿ ಕಟ್ಟಿದ ಪ್ರಾಗಿನ ರಾಷ್ಟ್ರೀಯ ರಂಗಮಂದಿರವು 1881ರಲ್ಲಿ ತೆರೆದ ಎರಡೇ ತಿಂಗಳಲ್ಲಿ ಬೆಂಕಿಗೆ ಆಹುತಿಯಾಯಿತು. ಜನರು ಮತ್ತೆ ಹಣ ಕೂಡಿಸಿ ಕಟ್ಟಿದರು. 1883ರ ನವೆಂಬರ್ 18ರ ಪುನರಾರಂಭಕ್ಕೆ ಡ್ವೋರ್ಝಾಕ್ ಅವರು ಹುಸ್ ಅನುಯಾಯಿಗಳ ಕಾಲವನ್ನು ಕುರಿತ ವಾದ್ಯಕೃತಿಯೊಂದನ್ನು ರಚಿಸಿಕೊಟ್ಟರು. ದಿನವೂ ಜಪಸರ ಹಿಡಿಯುವ ಕಥೋಲಿಕನೊಬ್ಬನು ಇದನ್ನು ಬರೆಯಬಹುದೆ ಎಂದು ಕೇಳಬಹುದು. ಅವರು ಮಾಡಿದ್ದು ಇಷ್ಟು: ಹುಸ್ ಪಕ್ಷದ ಯೋಧರು ಹಾಡುತ್ತಿದ್ದ ಹಳೆಯ ಗೀತೆಯ ಸ್ವರಗಳನ್ನೂ, ಅದಕ್ಕಿಂತ ಪುರಾತನವಾದ, ಸಂತ ವೆನ್ಸೆಸ್ಲಾಸರನ್ನು ಪ್ರಾರ್ಥಿಸುವ ಗೀತೆಯ ಸ್ವರಗಳನ್ನೂ ಒಂದೇ ಕೃತಿಯೊಳಗೆ ತಂದರು. ಒಮ್ಮೆ ರಣರಂಗದಲ್ಲಿ ಎದುರುಬದುರಾಗಿ ನಿಂತವರ ಹಾಡುಗಳು ಅಲ್ಲಿ ಒಂದೇ ವಾದ್ಯವೃಂದದ ಬಾಯಲ್ಲಿ ಕೂಡಿಬಂದವು. ಚರಿತ್ರೆಯ ಗಾಯವನ್ನು ಮುಚ್ಚಿಡಲೂ ಇಲ್ಲ, ಕೆದಕಲೂ ಇಲ್ಲ. ಅದಕ್ಕೆ ಪ್ರಾರ್ಥನೆಯ ಮುಲಾಮು ಹಚ್ಚಿದರು. 1886ರಲ್ಲಿ ಇಂಗ್ಲೆಂಡಿನ ಲೀಡ್ಸ್ ಉತ್ಸವಕ್ಕೆ, ಕವಿ ವ್ರ್ಖ್ಲಿತ್ಸ್ಕೀ ಅವರ ಸಾಹಿತ್ಯದೊಡನೆ, ಸಂತ ಲುದ್ಮಿಲಾ ಅವರ ಮತಾಂತರದ ಮಹಾಗೀತೆಯನ್ನು ಒಪ್ಪಿಸಿದರು. ಮರುವರ್ಷ ಲೂಜನಿ ಎಂಬ ಹಳ್ಳಿಯಲ್ಲಿ ಗೆಳೆಯರೊಬ್ಬರು ಕಟ್ಟಿಸಿದ ಪುಟ್ಟ ಪ್ರಾರ್ಥನಾಲಯದ ಅಭಿಷೇಕಕ್ಕೆ ಬಲಿಪೂಜೆಯ ಗೀತೆಗಳನ್ನು ಬರೆದು ತಾವೇ ನಡೆಸಿದರು. ಲಂಡನ್ ಮೆಚ್ಚಿದ ಸಂಗೀತಗಾರರಿಗೆ ಹಳ್ಳಿಯ ಗುಡಿಯ ಸೇವೆ ಸಣ್ಣದೆನಿಸಲಿಲ್ಲ.

1892ರಲ್ಲಿ ನ್ಯೂಯಾರ್ಕಿನ ರಾಷ್ಟ್ರೀಯ ಸಂಗೀತ ಶಾಲೆಯ ನಿರ್ದೇಶಕರಾಗಿ, ವರ್ಷಕ್ಕೆ 15,000 ಡಾಲರ್ ಸಂಬಳದ ಮೇಲೆ, ಅವರು ಅಮೆರಿಕಕ್ಕೆ ಹೋದರು. ಹ್ಯಾರಿ ಬರ್ಲೆ ಎಂಬ ಕಪ್ಪು ಜನಾಂಗದ ವಿದ್ಯಾರ್ಥಿ ಹಾಡಿ ತೋರಿಸಿದ ಭಕ್ತಿಗೀತೆಗಳಿಗೆ ಅವರು ಮಾರುಹೋದರು. ಅಮೆರಿಕದ ಸಂಗೀತ ಆ ಗುಲಾಮರ ಮಕ್ಕಳ ಹಾಡುಗಳ ಬುನಾದಿಯ ಮೇಲೆ ಏಳಬೇಕೆಂದು 1893ರಲ್ಲಿ ಬಹಿರಂಗವಾಗಿ ಸಾರಿದರು. ಅದೇ ಡಿಸೆಂಬರ್ 16ರಂದು ಹೊಸ ಜಗತ್ತಿನ ಸಿಂಫನಿಯ ಪ್ರಥಮ ಪ್ರದರ್ಶನವಾಯಿತು. ಅದರ ಕೆಲವು ಭಾಗಗಳಿಗೆ ಪ್ರೇರಣೆಯಾದದ್ದು ಅಮೆರಿಕದ ಕವಿ ಲಾಂಗ್‌ಫೆಲೊ ಮೂಲನಿವಾಸಿ ವೀರನನ್ನು ಕುರಿತು ಬರೆದ ಕಾವ್ಯ. ಆ ಬೇಸಿಗೆಯನ್ನು ಅಯೋವ ಪ್ರಾಂತ್ಯದ ಸ್ಪಿಲ್‌ವಿಲ್ ಎಂಬ ಚೆಕ್ ವಲಸೆಗಾರರ ಹಳ್ಳಿಯಲ್ಲಿ ಕಳೆದರು. ಅಲ್ಲಿಯ ಸಂತ ವೆನ್ಸೆಸ್ಲಾಸರ ದೇವಾಲಯದಲ್ಲಿ ಬೆಳಗಿನ ಪೂಜೆಗೆ ಆರ್ಗನ್ ನುಡಿಸುವುದು ಅವರಿಗೆ ಪರಮಾನಂದ. ಮುಂದಿನ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಹತ್ತು ಬೈಬಲ್ ಗೀತೆಗಳನ್ನು ರಚಿಸಿದರು. ಸರ್ವೇಶ್ವರನನ್ನು ಕುರಿಗಾಹಿಯೆಂದು ಕೊಂಡಾಡುವ ಕೀರ್ತನೆಯೂ ಬಾಬಿಲೋನಿನ ನದಿಗಳ ಬಳಿ ಅತ್ತ ಸೆರೆಯಾಳುಗಳ ಕೀರ್ತನೆಯೂ ಅವುಗಳಲ್ಲಿವೆ. ಅವರು ಆರಿಸಿಕೊಂಡದ್ದು ಹದಿನಾರನೆಯ ಶತಮಾನದ ಚೆಕ್ ಪ್ರೊಟೆಸ್ಟೆಂಟರು ಅನುವಾದಿಸಿದ ಕ್ರಲಿತ್ಸೆ ಬೈಬಲನ್ನು. ಚೆಕ್ ನುಡಿಯ ಸೊಬಗಿಗೆ ಅದು ಹೆಸರಾದುದು. ಗೀತೆಗಳು ಮುಗಿದ ಎರಡು ದಿನಕ್ಕೆ, ಮಾರ್ಚ್ 28ರಂದು, ದೂರದ ಊರಿನಲ್ಲಿ ತಂದೆ ಕಣ್ಮುಚ್ಚಿದರು. ಅದೇ ವರ್ಷ ತಾಯ್ನಾಡಿನಲ್ಲಿ ತಮ್ಮ ಬೇಸಿಗೆಯ ಮನೆಯ ಸಮೀಪದ ತ್ರೆಬ್ಸ್ಕೊ ಹಳ್ಳಿಯ ದೇವಾಲಯಕ್ಕೆ ಅವರು ಆರ್ಗನ್ ಒಂದನ್ನು ದಾನ ಮಾಡಿದರು.

1895ರಲ್ಲಿ ಶಾಶ್ವತವಾಗಿ ಮರಳಿದ ಮೇಲೆ ಅವರ ಮನಸ್ಸು ನಾಡಿನ ಕಾವ್ಯದತ್ತ ತಿರುಗಿತು. ಜನಪದ ಕಥೆಗಳನ್ನು ಸಂಗ್ರಹಿಸಿ ಕಥನಕವನಗಳಾಗಿ ಹೊಸೆದ ಎರ್ಬೆನ್ ಎಂಬ ಕವಿಯ ಸಂಕಲನ 1853ರಲ್ಲಿ ಪ್ರಕಟವಾಗಿತ್ತು. ಅದರ ನಾಲ್ಕು ಕವನಗಳನ್ನು 1896ರಲ್ಲಿ ಅವರು ವಾದ್ಯವೃಂದದ ಕೃತಿಗಳನ್ನಾಗಿಸಿದರು. ಕವನದ ಸಾಲುಗಳ ಅಕ್ಷರಗಳಿಗೆ ಸರಿಯಾಗಿ ಹಲವೆಡೆ ಸ್ವರ ಕೂಡಿಸಿ, ಬಳಿಕ ಮಾತನ್ನು ಬಿಟ್ಟು ಸ್ವರವನ್ನಷ್ಟೇ ವಾದ್ಯಗಳಿಗೆ ಕೊಟ್ಟರು. ನಮ್ಮಲ್ಲಿ ವೀಣೆಯ ಮೇಲೆ ಕೃತಿಯೊಂದನ್ನು ನುಡಿಸಿದಾಗ ಬಲ್ಲವರ ಮನಸ್ಸಿನಲ್ಲಿ ಸಾಹಿತ್ಯವೂ ಮೂಡುವಂತೆಯೇ ಇದು.

1901ರಲ್ಲಿ ಅವರು ಪ್ರಾಗ್ ಸಂಗೀತ ವಿದ್ಯಾಲಯದ ಮುಖ್ಯಸ್ಥರಾದರು. ಚಕ್ರವರ್ತಿ ಅವರನ್ನು ವಿಯೆನ್ನಾದ ಮೇಲ್ಮನೆಯ ಸದಸ್ಯರನ್ನಾಗಿ ನೇಮಿಸಿದರು. ಇಷ್ಟೆಲ್ಲ ಗೌರವಗಳ ನಡುವೆಯೂ ಪಾರಿವಾಳಗಳನ್ನು ಸಾಕುವ, ರೈಲುಬಂಡಿಗಳನ್ನು ನೋಡಿ ಮಗುವಿನಂತೆ ಹಿಗ್ಗುವ ಸರಳತೆ ಮಾಸಲಿಲ್ಲ. ಕೃತಿಗಳ ಹಸ್ತಪ್ರತಿಯ ಕೊನೆಯಲ್ಲಿ ದೇವರಿಗೆ ಕೃತಜ್ಞತೆಯನ್ನು ಬರೆದಿಡುವ ವಾಡಿಕೆಯೂ ತಪ್ಪಲಿಲ್ಲ. 1904ರ ಮೇ 1ರ ಭಾನುವಾರ, 62ನೆಯ ವಯಸ್ಸಿನಲ್ಲಿ, ಅವರು ಪ್ರಭುವಿನ ಸನ್ನಿಧಿಗೆ ತೆರಳಿದರು. ಪ್ರಾಗಿನ ವಿಷೆಹ್ರಾದ್ ಸಮಾಧಿಭೂಮಿಯಲ್ಲಿ ಸ್ಮೆತನರಂತೆ ಅವರೂ ವಿಶ್ರಮಿಸಿದ್ದಾರೆ.

ಕಲಾವಿದನ ಹೃದಯ ಮೊದಲೇ ಕಂಡುದನ್ನು ಕೆಲವೊಮ್ಮೆ ಇತಿಹಾಸ ನಿಧಾನವಾಗಿ ಕಾಣುತ್ತದೆ. 1999ರ ಡಿಸೆಂಬರಿನಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಯಾನ್ ಹುಸ್ ಅವರಿಗೆ ವಿಧಿಸಿದ ಕ್ರೂರ ಮರಣಕ್ಕಾಗಿ ಆಳವಾದ ವಿಷಾದವನ್ನು ವ್ಯಕ್ತಪಡಿಸಿದರು. ಆ ಎರಡು ಗೀತೆಗಳನ್ನು ಡ್ವೋರ್ಝಾಕ್ ಅವರು ಒಂದಾಗಿಸಿ ಅಷ್ಟರಲ್ಲಿ 116 ವರ್ಷಗಳಾಗಿದ್ದವು.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೈವಾರಾಧನೆಯಲ್ಲಿ ಜನರ ನುಡಿಗೆ ಬಾಗಿಲು ತೆರೆದು, ಅವರವರ ನಾಡಿನ ಸಂಗೀತ ಪರಂಪರೆಗೆ ತಕ್ಕ ಸ್ಥಾನ ಕೊಡಬೇಕೆಂದು ವಿಧಿಸಿತು. ಆ ಬಾಗಿಲಿನಿಂದಲೇ ನಮ್ಮ ಬಲಿಪೂಜೆಗೆ ಕನ್ನಡದ ಹಾಡು ಬಂದಿತು. ಅದು ಯಾರೋ ಕೊಟ್ಟ ರಿಯಾಯಿತಿಯಲ್ಲ, ನಮಗೆ ಒಪ್ಪಿಸಿದ ಹೊಣೆ. ನಮ್ಮ ಗಾನವೃಂದದ ಎಳೆಯರು ಈ ನಾಡಿನ ರಾಗಗಳನ್ನೂ ಜಾನಪದ ಧಾಟಿಗಳನ್ನೂ ಶ್ರದ್ಧೆಯಿಂದ ಕಲಿತು, ನೆರೆಯವರ ಹಾಡನ್ನು ಗೌರವಿಸಿ, ಎರಡನೆಯ ನೂರು ವರ್ಷಗಳ ಸ್ತೋತ್ರಗಳನ್ನು ಕಟ್ಟಲಿ. ಕನ್ಯಾಮಾತೆಯ ಹಬ್ಬದ ದಿನ ಹುಟ್ಟಿ, ಅದೇ ದಿನ ಮಗನನ್ನು ಕಳೆದುಕೊಂಡೂ ಹಾಡುವುದನ್ನು ನಿಲ್ಲಿಸದ ಆ ಭಕ್ತನ ನೆನಪು ಅವರಿಗೆ ದಾರಿ ತೋರಲಿ. ಸಕಲ ಸ್ವರಗಳ ಒಡೆಯನಾದ ದೇವರಿಗೆ ಸ್ತುತಿಯಾಗಲಿ.