ಜಾಕ್ ಸ್ಟೀನ್

ಜಾನ್ ಸ್ಟೀನ್ (೫ ಅಕ್ಟೋಬರ್ ೧೯೨೨ – ೧೦ ಸೆಪ್ಟೆಂಬರ್ ೧೯೮೫) ಸ್ಕಾಟ್ಲೆಂಡಿನ ಫುಟ್‌ಬಾಲ್ ಆಟಗಾರ ಹಾಗೂ ತರಬೇತುದಾರ. ಕ್ರೀಡಾಲೋಕದಲ್ಲಿ ಇವರು ಜಾಕ್ ಸ್ಟೀನ್ ಎಂದೇ ಪ್ರಸಿದ್ಧರು. ರಕ್ಷಣಾ ವಿಭಾಗದಲ್ಲಿ ಆಡುತ್ತಿದ್ದ ಇವರು ಕಾಲಿನ ಗಾಯದಿಂದಾಗಿ ಆಟವನ್ನು ತೊರೆದು ತರಬೇತಿಯ ಕ್ಷೇತ್ರಕ್ಕೆ ಬಂದರು. ಇವರ ಮಾರ್ಗದರ್ಶನದಲ್ಲಿ ಗ್ಲಾಸ್ಗೋ ನಗರದ ಸೆಲ್ಟಿಕ್ ತಂಡವು ೧೯೬೭ರಲ್ಲಿ ಯುರೋಪಿಯನ್ ಕಪ್ ಗೆದ್ದು, ಆ ಪ್ರಶಸ್ತಿಯನ್ನು ಪಡೆದ ಮೊದಲ ಬ್ರಿಟಿಷ್ ತಂಡವೆನಿಸಿತು. ಸತತ ಒಂಬತ್ತು ಬಾರಿ ಸ್ಕಾಟಿಷ್ ಲೀಗ್ ಗೆದ್ದ ಸಾಧನೆಯೂ ಇವರ ಕಾಲದ್ದೇ. ಸ್ಕಾಟ್ಲೆಂಡ್ ರಾಷ್ಟ್ರೀಯ ತಂಡದ ಹೊಣೆ ಹೊತ್ತಿದ್ದಾಗಲೇ, ಪಂದ್ಯವೊಂದು ನಡೆದ ಕ್ರೀಡಾಂಗಣದಲ್ಲಿಯೇ ಇವರು ನಿಧನರಾದರು.

ಬಾಲ್ಯ ಮತ್ತು ಗಣಿಯ ದುಡಿಮೆ

ಸ್ಟೀನ್ ಹುಟ್ಟಿದ್ದು ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರ್ ಪ್ರಾಂತದ ಬರ್ನ್‌ಬ್ಯಾಂಕ್ ಎಂಬಲ್ಲಿ. ಅದು ಕಲ್ಲಿದ್ದಲು ಗಣಿಗಳ ಸೀಮೆ. ಗಣಿಯ ಕೆಲಸ ಮತ್ತು ಫುಟ್‌ಬಾಲ್, ಇವೆರಡೇ ಅಲ್ಲಿನ ಹುಡುಗರ ಎದುರಿಗಿದ್ದ ದಾರಿಗಳು. ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಟ್ಟ ಸ್ಟೀನ್ ಸ್ವಲ್ಪ ಕಾಲ ರತ್ನಗಂಬಳಿ ಕಾರ್ಖಾನೆಯಲ್ಲಿ ದುಡಿದು, ಅನಂತರ ಗಣಿಗೆ ಇಳಿದರು. ನೆಲದಡಿಯ ಕತ್ತಲೆಯಲ್ಲಿ ಒಬ್ಬನ ಜೀವ ಪಕ್ಕದವನ ಎಚ್ಚರವನ್ನು ಅವಲಂಬಿಸಿರುತ್ತದೆ. ಈ ಪಾಠವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಮುಂದೆ ಅವರು ಕಟ್ಟಿದ ತಂಡಗಳಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿ ಆಡುವುದೇ ಮೊದಲ ನಿಯಮವಾಗಿತ್ತು.

ಆಟಗಾರರಾಗಿ

ಬ್ಲಾಂಟೈರ್ ವಿಕ್ಟೋರಿಯಾ ಎಂಬ ಸ್ಥಳೀಯ ತಂಡದಿಂದ ಸ್ಟೀನ್ ೧೯೪೨ರಲ್ಲಿ ಕೋಟ್‌ಬ್ರಿಜ್ ಪಟ್ಟಣದ ಆಲ್ಬಿಯನ್ ರೋವರ್ಸ್ ಸೇರಿದರು. ಅಲ್ಲಿ ಎಂಟು ವರ್ಷ ಆಡಿದರೂ ಗಣಿಯ ಕೆಲಸ ಬಿಡಲಿಲ್ಲ. ವಾರವೆಲ್ಲ ಕಲ್ಲಿದ್ದಲು ಅಗೆದು ಶನಿವಾರ ಮೈದಾನಕ್ಕೆ ಇಳಿಯುತ್ತಿದ್ದರು. ರಕ್ಷಣಾ ಸಾಲಿನ ನಡುವೆ ನಿಂತು ಎದುರಾಳಿಗಳನ್ನು ತಡೆಯುವುದು ಅವರ ಕೆಲಸ. ಅವರ ಆಟದಲ್ಲಿ ಚಮತ್ಕಾರ ಕಡಿಮೆ. ಎದುರಾಳಿಯ ಮುಂದಿನ ಹೆಜ್ಜೆಯನ್ನು ಊಹಿಸುವ ಬುದ್ಧಿ ಮತ್ತು ತಲೆಯಿಂದ ಚೆಂಡನ್ನು ಎದುರಿಸುವ ಸಾಮರ್ಥ್ಯ ಹೆಚ್ಚು.

೧೯೫೦ರಲ್ಲಿ ಅವರು ವೇಲ್ಸ್‌ನ ಲನೆಲಿ ತಂಡಕ್ಕೆ ಹೋಗಿ ಪೂರ್ಣಾವಧಿ ಆಟಗಾರರಾದರು. ಕುಟುಂಬವು ಸ್ಕಾಟ್ಲೆಂಡಿನಲ್ಲಿದ್ದಾಗ ಮನೆಯಲ್ಲಿ ಎರಡು ಬಾರಿ ಕಳ್ಳತನವಾದುದರಿಂದ ಊರಿಗೆ ಮರಳಲು ನಿರ್ಧರಿಸಿದರು. ಅದೇ ಸಮಯಕ್ಕೆ, ೧೯೫೧ರ ಡಿಸೆಂಬರ್‌ನಲ್ಲಿ, ಸೆಲ್ಟಿಕ್ ಕ್ಲಬ್ ೧,೨೦೦ ಪೌಂಡ್ ಕೊಟ್ಟು ಅವರನ್ನು ಕರೆಸಿಕೊಂಡಿತು. ಮೀಸಲು ತಂಡದ ಎಳೆಯ ಆಟಗಾರರಿಗೆ ಜೊತೆಯಾಗಿ ನಿಂತು ಆಟ ಕಲಿಸಲಿ ಎಂಬುದಷ್ಟೇ ಕ್ಲಬ್ಬಿನ ಉದ್ದೇಶವಾಗಿತ್ತು. ಆದರೆ ಮುಖ್ಯ ತಂಡದ ರಕ್ಷಣಾ ಆಟಗಾರರು ಗಾಯಗೊಂಡು ಹೊರಗುಳಿದಾಗ ಸ್ಟೀನ್‌ಗೆ ಅವಕಾಶ ದೊರೆಯಿತು; ಸಿಕ್ಕ ಸ್ಥಾನವನ್ನು ಅವರು ಬಿಟ್ಟುಕೊಡಲಿಲ್ಲ. ನಾಯಕ ಶಾನ್ ಫಾಲನ್ ಕೈ ಮುರಿದುಕೊಂಡಾಗ ನಾಯಕತ್ವವೂ ಸ್ಟೀನ್ ಅವರಿಗೆ ಬಂತು.

ಈ ಆಯ್ಕೆಗೆ ಅವರು ಬೆಲೆ ತೆರಬೇಕಾಯಿತು. ಸೆಲ್ಟಿಕ್ ಐರಿಷ್ ಮೂಲದ ಕ್ಯಾಥೊಲಿಕರು ಕಟ್ಟಿದ ಕ್ಲಬ್; ಅದರ ಸಾಂಪ್ರದಾಯಿಕ ಎದುರಾಳಿ ರೇಂಜರ್ಸ್ ಪ್ರೊಟೆಸ್ಟೆಂಟರ ಬೆಂಬಲ ಪಡೆದದ್ದು. ಸ್ಟೀನ್ ಪ್ರೊಟೆಸ್ಟೆಂಟ್ ಮನೆತನದವರು. ಅವರು ಸೆಲ್ಟಿಕ್ ಸೇರಿದ ಕಾರಣಕ್ಕೇ ಹಳೆಯ ಗೆಳೆಯರಲ್ಲಿ ಕೆಲವರು ಮಾತು ಬಿಟ್ಟರು. ಸ್ಟೀನ್ ಮಾತ್ರ ತಮ್ಮ ನಿರ್ಧಾರದಿಂದ ಹಿಂದೆ ಸರಿಯಲಿಲ್ಲ.

ರಾಣಿ ಎರಡನೆಯ ಎಲಿಜಬೆತ್ ಅವರ ಪಟ್ಟಾಭಿಷೇಕದ ನೆನಪಿಗೆ ೧೯೫೩ರಲ್ಲಿ ನಡೆದ ಕಾರೊನೇಷನ್ ಕಪ್‌ನಲ್ಲಿ ಸ್ಟೀನ್ ನಾಯಕತ್ವದ ಸೆಲ್ಟಿಕ್, ಆರ್ಸೆನಲ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ತಂಡಗಳನ್ನು ಮಣಿಸಿ, ಅಂತಿಮ ಪಂದ್ಯದಲ್ಲಿ ಹಿಬರ್ನಿಯನ್ ತಂಡವನ್ನು ೨–೦ ಗೋಲುಗಳಿಂದ ಸೋಲಿಸಿತು. ೧೯೫೪ರಲ್ಲಿ ತಂಡವು ಲೀಗ್ ಮತ್ತು ಸ್ಕಾಟಿಷ್ ಕಪ್ ಎರಡನ್ನೂ ಗೆದ್ದಿತು. ೧೯೧೪ರ ನಂತರ ಸೆಲ್ಟಿಕ್‌ಗೆ ಇಂತಹ ಜೋಡಿ ವಿಜಯ ದೊರೆತದ್ದು ಅದೇ ಮೊದಲು. ೧೯೫೫ರಲ್ಲಿ ರೇಂಜರ್ಸ್ ವಿರುದ್ಧದ ಪಂದ್ಯದಲ್ಲಿ ಅವರ ಪಾದದ ಕೀಲಿಗೆ ಬಲವಾದ ಪೆಟ್ಟು ಬಿತ್ತು. ಅದು ಪೂರ್ತಿ ವಾಸಿಯಾಗದೆ ೧೯೫೭ರ ಆರಂಭದಲ್ಲಿ ಅವರು ನಿವೃತ್ತರಾದರು. ನಡಿಗೆಯಲ್ಲಿ ಸಣ್ಣ ಕುಂಟು ಕೊನೆಯವರೆಗೂ ಉಳಿಯಿತು. ಸ್ಕಾಟ್ಲೆಂಡ್ ರಾಷ್ಟ್ರೀಯ ತಂಡದ ಪರವಾಗಿ ಆಡುವ ಅವಕಾಶ ಅವರಿಗೆ ಒಮ್ಮೆಯೂ ದೊರೆಯಲಿಲ್ಲ.

ತರಬೇತಿಯ ಆರಂಭ

ನಿವೃತ್ತಿಯ ನಂತರ ಸೆಲ್ಟಿಕ್ ಅವರಿಗೆ ಮೀಸಲು ತಂಡದ ತರಬೇತಿಯನ್ನು ವಹಿಸಿತು. ಮುಂದೆ ಪ್ರಸಿದ್ಧರಾದ ಬಿಲ್ಲಿ ಮೆಕ್‌ನೀಲ್ ಇಲ್ಲಿಯೇ ಅವರ ಕೈಯಲ್ಲಿ ಪಳಗಿದರು. ೧೯೬೦ರ ಮಾರ್ಚ್‌ನಲ್ಲಿ ಸ್ಟೀನ್ ಡನ್‌ಫರ್ಮ್‌ಲಿನ್ ಅಥ್ಲೆಟಿಕ್ ತಂಡದ ವ್ಯವಸ್ಥಾಪಕರಾದರು. ಬ್ರಿಟನ್ನಿನ ಪದ್ಧತಿಯಲ್ಲಿ ವ್ಯವಸ್ಥಾಪಕ ಎಂದರೆ ಮುಖ್ಯ ತರಬೇತುದಾರನೇ. ಕೆಳಗಿನ ದರ್ಜೆಗೆ ಜಾರುವ ಸ್ಥಿತಿಯಲ್ಲಿದ್ದ ಆ ತಂಡವನ್ನು ಅವರು ಉಳಿಸಿದರು. ಮರುವರ್ಷ ಅದೇ ತಂಡ ಸ್ಕಾಟಿಷ್ ಕಪ್ ಅಂತಿಮ ಹಣಾಹಣಿಯಲ್ಲಿ ಸೆಲ್ಟಿಕ್ ಅನ್ನು ಎದುರಿಸಿತು. ಮೊದಲ ಪಂದ್ಯ ಗೋಲಿಲ್ಲದೆ ಮುಗಿದು, ಮರುಪಂದ್ಯದಲ್ಲಿ ಡನ್‌ಫರ್ಮ್‌ಲಿನ್ ೨–೦ರಿಂದ ಗೆದ್ದಿತು.

೧೯೬೩ರಲ್ಲಿ ಅವರು ಇಟಲಿಗೆ ಹೋಗಿ, ಇಂಟರ್ ಮಿಲಾನ್ ತಂಡದ ತರಬೇತುದಾರ ಹೆಲೆನಿಯೊ ಹೆರೆರಾ ಅವರ ಕ್ರಮವನ್ನು ಹತ್ತಿರದಿಂದ ಅಭ್ಯಾಸ ಮಾಡಿದರು. ೧೯೬೪ರಲ್ಲಿ ಎಡಿನ್‌ಬರೋದ ಹಿಬರ್ನಿಯನ್ ತಂಡಕ್ಕೆ ಬಂದರು. ಅದೇ ವರ್ಷ ಆ ತಂಡ ಸ್ನೇಹಪಂದ್ಯವೊಂದರಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ೨–೦ರಿಂದ ಸೋಲಿಸಿ ಬೆರಗು ಮೂಡಿಸಿತು.

ಸೆಲ್ಟಿಕ್‌ಗೆ ಮರಳಿಕೆ

೧೯೬೫ರ ಮಾರ್ಚ್‌ನಲ್ಲಿ ಸ್ಟೀನ್ ಸೆಲ್ಟಿಕ್‌ನ ವ್ಯವಸ್ಥಾಪಕರಾದರು. ೧೯೫೭ರ ನಂತರ ಆ ಕ್ಲಬ್ ಯಾವ ಪ್ರಮುಖ ಪ್ರಶಸ್ತಿಯನ್ನೂ ಗೆದ್ದಿರಲಿಲ್ಲ. ಕ್ಲಬ್ಬಿನ ಇತಿಹಾಸದಲ್ಲಿ ಅವರು ನಾಲ್ಕನೆಯ ವ್ಯವಸ್ಥಾಪಕರು, ಹಾಗೂ ಆ ಸ್ಥಾನಕ್ಕೆ ಬಂದ ಮೊದಲ ಪ್ರೊಟೆಸ್ಟೆಂಟರು. ಅಲ್ಲಿಯವರೆಗೆ ತಂಡದ ಆಯ್ಕೆಯಲ್ಲಿ ಆಡಳಿತ ಮಂಡಳಿಯ ಮಾತೇ ನಡೆಯುತ್ತಿತ್ತು. ಆಯ್ಕೆಯ ಪೂರ್ಣ ಅಧಿಕಾರ ತಮಗೇ ಇರಬೇಕೆಂಬ ಷರತ್ತಿನ ಮೇಲೆ ಸ್ಟೀನ್ ಹೊಣೆ ವಹಿಸಿಕೊಂಡರು. ಕೆಲವೇ ವಾರಗಳಲ್ಲಿ ಸೆಲ್ಟಿಕ್ ಸ್ಕಾಟಿಷ್ ಕಪ್ ಗೆದ್ದಿತು. ಸೋತದ್ದು ಸ್ಟೀನ್ ಅವರ ಹಳೆಯ ತಂಡ ಡನ್‌ಫರ್ಮ್‌ಲಿನ್.

ಅವರು ಕೋಣೆಯಲ್ಲಿ ಕುಳಿತು ಆದೇಶ ನೀಡುವ ವ್ಯವಸ್ಥಾಪಕರಾಗಿರಲಿಲ್ಲ. ಕ್ರೀಡೆಯ ಉಡುಪು ತೊಟ್ಟು ಆಟಗಾರರ ಜೊತೆಗೇ ಮೈದಾನದಲ್ಲಿರುತ್ತಿದ್ದರು. ಅಭ್ಯಾಸವೆಂದರೆ ಬರಿಯ ಓಟ ಎಂಬ ಹಳೆಯ ರೂಢಿಯನ್ನು ಬಿಟ್ಟು, ಚೆಂಡಿನೊಂದಿಗಿನ ಅಭ್ಯಾಸಕ್ಕೆ ಒತ್ತು ಕೊಟ್ಟರು. ಶಿಸ್ತಿನ ವಿಷಯದಲ್ಲಿ ಅವರು ಕಠಿಣ.

ಲಿಸ್ಬನ್ ವಿಜಯ

೧೯೬೬–೬೭ರ ಋತುವಿನಲ್ಲಿ ಸೆಲ್ಟಿಕ್ ತಾನು ಭಾಗವಹಿಸಿದ ಐದೂ ಸ್ಪರ್ಧೆಗಳನ್ನು ಗೆದ್ದಿತು. ಅವುಗಳಲ್ಲಿ ಹಿರಿದು ಯುರೋಪಿಯನ್ ಕಪ್. ಜ್ಯೂರಿಕ್, ನಾಂಟ್, ವೊಯ್ವೊದಿನಾ, ಡುಕ್ಲಾ ಪ್ರಾಗ್ ತಂಡಗಳನ್ನು ದಾಟಿ ಬಂದ ಸೆಲ್ಟಿಕ್, ೧೯೬೭ರ ಮೇ ೨೫ರಂದು ಪೋರ್ಚುಗಲ್‌ನ ಲಿಸ್ಬನ್ ಬಳಿಯ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಇಂಟರ್ ಮಿಲಾನ್ ತಂಡವನ್ನು ಎದುರಿಸಿತು. ನಾಲ್ಕು ವರ್ಷದ ಹಿಂದೆ ಯಾರ ಬಳಿ ಆಟದ ಕ್ರಮವನ್ನು ಅಭ್ಯಾಸ ಮಾಡಿದ್ದರೋ, ಆ ಹೆರೆರಾ ಅವರೇ ಎದುರು ತಂಡದ ತರಬೇತುದಾರರು. ೧೯೬೪ ಮತ್ತು ೧೯೬೫ರಲ್ಲಿ ಈ ಕಪ್ ಗೆದ್ದಿದ್ದ ಇಂಟರ್ ಒಂದು ಗೋಲು ಗಳಿಸಿ ಅನಂತರ ಭದ್ರವಾಗಿ ರಕ್ಷಣೆಗೆ ನಿಲ್ಲುವುದರಲ್ಲಿ ನಿಪುಣ ತಂಡ. ಈ ಕ್ರಮಕ್ಕೆ ಇಟಲಿಯಲ್ಲಿ ಕತೆನಾಚ್ಚೊ, ಅಂದರೆ ಬಾಗಿಲಿನ ಅಗುಳಿ, ಎಂದು ಹೆಸರು.

ಏಳನೆಯ ನಿಮಿಷದಲ್ಲಿ ಮಜ್ಜೋಲಾ ಪೆನಾಲ್ಟಿಯಿಂದ ಇಂಟರ್‌ಗೆ ಮುನ್ನಡೆ ತಂದರು. ಅಗುಳಿ ಬಿದ್ದಂತಾಯಿತು. ಸೆಲ್ಟಿಕ್ ಧೃತಿಗೆಡದೆ ದಾಳಿ ಮುಂದುವರಿಸಿತು. ೬೩ನೆಯ ನಿಮಿಷದಲ್ಲಿ ರಕ್ಷಣಾ ಆಟಗಾರ ಟಾಮಿ ಗೆಮ್ಮೆಲ್ ದೂರದಿಂದ ಹೊಡೆದ ಗೋಲು ಪಂದ್ಯವನ್ನು ಸಮಗೊಳಿಸಿತು. ೮೪ನೆಯ ನಿಮಿಷದಲ್ಲಿ ಸ್ಟೀವಿ ಚಾಮರ್ಸ್ ಗೆಲುವಿನ ಗೋಲು ಗಳಿಸಿದರು. ಆ ಹನ್ನೊಂದು ಆಟಗಾರರೂ ಗ್ಲಾಸ್ಗೋ ನಗರದ ಸುಮಾರು ೩೦ ಮೈಲಿಯೊಳಗೆ ಹುಟ್ಟಿದವರು. ಸ್ಟೀನ್ ಬರುವ ಮೊದಲೇ ಅವರಲ್ಲಿ ಬಹುಪಾಲು ಮಂದಿ ಅದೇ ಕ್ಲಬ್ಬಿನಲ್ಲಿದ್ದರು. ಏನೂ ಗೆಲ್ಲದೆ ಇದ್ದ ಆಟಗಾರರಿಂದಲೇ ಯುರೋಪಿನ ಶ್ರೇಷ್ಠ ತಂಡವನ್ನು ಕಟ್ಟಿದ್ದು ಅವರ ಸಾಧನೆಯ ತಿರುಳು.

ಏಳುಬೀಳುಗಳು

೧೯೬೬ರಿಂದ ೧೯೭೪ರವರೆಗೆ ಸೆಲ್ಟಿಕ್ ಸತತವಾಗಿ ಒಂಬತ್ತು ಲೀಗ್ ಪ್ರಶಸ್ತಿಗಳನ್ನು ಗೆದ್ದಿತು. ೧೯೭೦ರಲ್ಲಿ ತಂಡ ಮತ್ತೆ ಯುರೋಪಿಯನ್ ಕಪ್ ಅಂತಿಮ ಪಂದ್ಯ ತಲುಪಿತಾದರೂ, ಮಿಲಾನ್ ನಗರದಲ್ಲಿ ನೆದರ್ಲೆಂಡಿನ ಫೆಯೆನೂರ್ಡ್ ತಂಡದೆದುರು ಹೆಚ್ಚುವರಿ ಸಮಯದಲ್ಲಿ ೨–೧ರಿಂದ ಸೋತಿತು.

೧೯೭೫ರ ಜುಲೈನಲ್ಲಿ ಕಾರು ಅಪಘಾತದಲ್ಲಿ ಸ್ಟೀನ್ ತೀವ್ರವಾಗಿ ಗಾಯಗೊಂಡರು. ಒಂದು ಋತುವಿನುದ್ದಕ್ಕೂ ಶಾನ್ ಫಾಲನ್ ತಂಡವನ್ನು ನೋಡಿಕೊಳ್ಳಬೇಕಾಯಿತು. ಮರಳಿ ಬಂದ ಸ್ಟೀನ್ ೧೯೭೭ರಲ್ಲಿ ಲೀಗ್ ಮತ್ತು ಸ್ಕಾಟಿಷ್ ಕಪ್ ಎರಡನ್ನೂ ಗೆಲ್ಲಿಸಿಕೊಟ್ಟರು. ಆದರೆ ಅದೇ ವರ್ಷ ಕೆನ್ನಿ ಡಾಲ್ಗ್ಲಿಷ್ ಲಿವರ್‌ಪೂಲ್ ತಂಡಕ್ಕೆ ಹೋದ ಮೇಲೆ ಸೆಲ್ಟಿಕ್ ಹಿಂದುಳಿಯಿತು. ೧೯೭೮ರಲ್ಲಿ ಸ್ಟೀನ್ ಸ್ಥಾನಕ್ಕೆ ಅವರ ಶಿಷ್ಯ ಮೆಕ್‌ನೀಲ್ ಬಂದರು. ಕ್ಲಬ್ ಸ್ಟೀನ್ ಅವರಿಗೆ ನೀಡಲು ಬಯಸಿದ್ದು ಹಣ ಸಂಗ್ರಹಕ್ಕೆ ಸಂಬಂಧಿಸಿದ ನಿರ್ದೇಶಕರ ಹುದ್ದೆ. ಮೈದಾನದಿಂದ ದೂರವಿರಲಾರದ ಅವರು ಅದನ್ನು ಒಪ್ಪದೆ ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಸೇರಿದರು. ೪೪ ದಿನಗಳ ನಂತರ ಸ್ಕಾಟ್ಲೆಂಡ್ ತಂಡದ ಕರೆ ಬಂದಾಗ ಅತ್ತ ಹೊರಟರು.

ರಾಷ್ಟ್ರೀಯ ತಂಡ ಮತ್ತು ನಿಧನ

ಸ್ಟೀನ್ ಮಾರ್ಗದರ್ಶನದಲ್ಲಿ ಸ್ಕಾಟ್ಲೆಂಡ್ ೧೯೮೨ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಅಲ್ಲಿ ನ್ಯೂಜಿಲೆಂಡ್ ವಿರುದ್ಧ ಗೆದ್ದು, ಬ್ರೆಜಿಲ್‌ಗೆ ಸೋತು, ಸೋವಿಯತ್ ಒಕ್ಕೂಟದೊಂದಿಗೆ ಸಮ ಮಾಡಿಕೊಂಡು, ಗೋಲುಗಳ ಅಂತರದಲ್ಲಿ ಹಿಂದುಳಿದು ಮೊದಲ ಸುತ್ತಿನಲ್ಲೇ ಹೊರಬಿತ್ತು.

೧೯೮೫ರ ಸೆಪ್ಟೆಂಬರ್ ೧೦ರಂದು ಮುಂದಿನ ವಿಶ್ವಕಪ್‌ನ ಅರ್ಹತೆಗಾಗಿ ಕಾರ್ಡಿಫ್ ನಗರದಲ್ಲಿ ವೇಲ್ಸ್ ವಿರುದ್ಧ ಪಂದ್ಯ ನಡೆಯಿತು. ಸ್ಪರ್ಧೆಯಲ್ಲಿ ಉಳಿಯಲು ಸ್ಕಾಟ್ಲೆಂಡ್‌ಗೆ ಸಮಬಲ ಸಾಕಿತ್ತು. ವೇಲ್ಸ್ ಮೊದಲು ಗೋಲು ಗಳಿಸಿತು. ೮೧ನೆಯ ನಿಮಿಷದಲ್ಲಿ ಡೇವಿ ಕೂಪರ್ ಪೆನಾಲ್ಟಿಯಿಂದ ೧–೧ ಮಾಡಿದರು. ಪಂದ್ಯದ ಕೊನೆಯ ಕ್ಷಣಗಳಲ್ಲಿ ಸ್ಟೀನ್ ಮೈದಾನದ ಅಂಚಿನಲ್ಲಿ ಕುಸಿದರು. ಕ್ರೀಡಾಂಗಣದ ವೈದ್ಯಕೀಯ ಕೊಠಡಿಯಲ್ಲಿ ಚಿಕಿತ್ಸೆ ಫಲಿಸದೆ ತೀರಿಕೊಂಡರು. ಆಗ ಅವರಿಗೆ ೬೨ ವರ್ಷ. ಸಹಾಯಕರಾಗಿದ್ದ ಅಲೆಕ್ಸ್ ಫರ್ಗುಸನ್ ಹೊಣೆ ವಹಿಸಿಕೊಂಡು, ಆಸ್ಟ್ರೇಲಿಯಾ ವಿರುದ್ಧದ ಹಣಾಹಣಿಯಲ್ಲಿ ಗೆಲ್ಲಿಸಿ ತಂಡವನ್ನು ೧೯೮೬ರ ವಿಶ್ವಕಪ್‌ಗೆ ಕರೆದೊಯ್ದರು.

ಸ್ಮರಣೆ

ಸೆಲ್ಟಿಕ್ ವ್ಯವಸ್ಥಾಪಕರಾಗಿ ಸ್ಟೀನ್ ಹತ್ತು ಲೀಗ್, ಎಂಟು ಸ್ಕಾಟಿಷ್ ಕಪ್, ಆರು ಲೀಗ್ ಕಪ್ ಹಾಗೂ ಒಂದು ಯುರೋಪಿಯನ್ ಕಪ್ ಗೆದ್ದರು. ೧೯೭೦ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಸಿ.ಬಿ.ಇ. ಗೌರವ ನೀಡಿತು. ಸೆಲ್ಟಿಕ್ ಪಾರ್ಕ್ ಕ್ರೀಡಾಂಗಣದ ಒಂದು ಪಾರ್ಶ್ವಕ್ಕೆ ಅವರ ಹೆಸರಿಡಲಾಗಿದೆ. ಅದರ ಹೊರಗೆ ೨೦೧೧ರಲ್ಲಿ ಅನಾವರಣಗೊಂಡ ಅವರ ಪ್ರತಿಮೆಯ ಕೈಯಲ್ಲಿ ಯುರೋಪಿಯನ್ ಕಪ್ ಇದೆ.