ಡೇನಿಯಲ್ ಜಾಕ್ಲಿಂಗ್
ಡೇನಿಯಲ್ ಕೋವನ್ ಜಾಕ್ಲಿಂಗ್ (ಆಗಸ್ಟ್ 14, 1869 – ಮಾರ್ಚ್ 13, 1956) ಅಮೆರಿಕದ ಗಣಿ ಮತ್ತು ಲೋಹವಿಜ್ಞಾನ ಎಂಜಿನಿಯರ್. ಯೂಟಾ ರಾಜ್ಯದ ಬಿಂಗಮ್ ಕ್ಯಾನ್ಯನ್‌ನಲ್ಲಿ ಪಾರ್ಫಿರಿ ತಾಮ್ರದ ನಿಕ್ಷೇಪವನ್ನು ತೆರೆದ ಗಣಿಗಾರಿಕೆಯಿಂದ ಲಾಭದಾಯಕವಾಗಿ ಹೊರತೆಗೆಯಬಹುದೆಂದು ತೋರಿಸಿಕೊಟ್ಟವರು.

ಆರಂಭಿಕ ಜೀವನ

ಜಾಕ್ಲಿಂಗ್ ಮಿಸೌರಿ ರಾಜ್ಯದಲ್ಲಿ ಜನಿಸಿದರು. ಶೈಶವದಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡು ಬಂಧುಗಳ ಆಶ್ರಯದಲ್ಲಿ ಬೆಳೆದರು. ರೋಲಾ ನಗರದ ಮಿಸೌರಿ ಗಣಿ ವಿದ್ಯಾಲಯದಿಂದ 1892ರಲ್ಲಿ ಪದವಿ ಪಡೆದು, ಕೊಲರಾಡೊದ ಕ್ರಿಪಲ್ ಕ್ರೀಕ್ ಮತ್ತು ಯೂಟಾದ ಮರ್ಕರ್‌ನಲ್ಲಿ ಕೆಲಸ ಮಾಡಿದರು.

ಬಿಂಗಮ್ ನಿಕ್ಷೇಪ

ಬಿಂಗಮ್ ನಿಕ್ಷೇಪವು ಸುಮಾರು 3.8 ಕೋಟಿ ವರ್ಷಗಳ ಹಿಂದೆ ರೂಪುಗೊಂಡಿತು. ಭೂಗರ್ಭದಿಂದ ಮೇಲೇರಿದ ಶಿಲಾರಸವು ತಣಿಯುವಾಗ ಅದರಿಂದ ಬೇರ್ಪಟ್ಟ ಬಿಸಿ ದ್ರವಗಳು ಸುತ್ತಲಿನ ಬಂಡೆಗಳನ್ನು ಸೀಳಿ, ಬಿರುಕುಗಳಲ್ಲಿ ತಾಮ್ರ ಮತ್ತು ಗಂಧಕದ ಖನಿಜಗಳನ್ನು ಶೇಖರಿಸಿದವು. ಆದ್ದರಿಂದ ಇಲ್ಲಿ ತಾಮ್ರವು ದಪ್ಪ ಪದರಗಳಲ್ಲಿರದೆ, ಅಪಾರ ಪ್ರಮಾಣದ ಶಿಲೆಯಲ್ಲಿ ಸಣ್ಣ ಎಳೆಗಳಾಗಿಯೂ ಕಣಗಳಾಗಿಯೂ ಹರಡಿಕೊಂಡಿದೆ.

1899ರಲ್ಲಿ ಜಾಕ್ಲಿಂಗ್ ಮತ್ತು ರಾಬರ್ಟ್ ಗೆಮ್ಮೆಲ್ ಈ ನಿಕ್ಷೇಪದ ಬಗ್ಗೆ ವರದಿ ಸಿದ್ಧಪಡಿಸಿದರು. ಅದಿರಿನಲ್ಲಿ ತಾಮ್ರದ ಅಂಶ ಶೇಕಡಾ 2ರಷ್ಟು ಮಾತ್ರವಿತ್ತು. ಅಂದರೆ ಒಂದು ಟನ್ ಅದಿರನ್ನು ಅರೆದರೂ ಹೆಚ್ಚೆಂದರೆ 20 ಕಿಲೋಗ್ರಾಂ ತಾಮ್ರ. ಇದು ನಷ್ಟದ ಉದ್ಯಮವೆಂಬುದು ಅಂದಿನ ಅನೇಕ ತಜ್ಞರ ಅಭಿಪ್ರಾಯವಾಗಿತ್ತು. ಅದಿರು ಬಡವಾಗಿದ್ದರೂ ಅದರ ಪ್ರಮಾಣ ಅಗಾಧವಾಗಿರುವುದರಿಂದ, ಬೃಹತ್ ಯಂತ್ರಗಳನ್ನು ಬಳಸಿದರೆ ಪ್ರತಿ ಟನ್ನಿನ ವೆಚ್ಚ ಇಳಿಯುತ್ತದೆಂಬುದು ಜಾಕ್ಲಿಂಗರ ವಾದ.

1903ರಲ್ಲಿ ಯೂಟಾ ಕಾಪರ್ ಕಂಪನಿ ಸ್ಥಾಪನೆಯಾಯಿತು. ಮೊದಲು ಪ್ರಾಯೋಗಿಕ ಅದಿರು ಸಂಸ್ಕರಣಾ ಘಟಕವನ್ನು ನಿರ್ಮಿಸಿ ವಿಧಾನವನ್ನು ಪರೀಕ್ಷಿಸಲಾಯಿತು. 1906ರಲ್ಲಿ ಉಗಿಚಾಲಿತ ಅಗೆಯುವ ಯಂತ್ರಗಳು ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯತೊಡಗಿದವು. ಅದಿರನ್ನು ರೈಲಿನಲ್ಲಿ ಸಾಗಿಸಲಾಗುತ್ತಿತ್ತು.

ಕಾರ್ಮಿಕ ಮುಷ್ಕರ

ಗಣಿಯಲ್ಲಿ ಗ್ರೀಸ್, ಇಟಲಿ ಮೊದಲಾದ ದೇಶಗಳಿಂದ ಬಂದ ವಲಸಿಗರು ದುಡಿಯುತ್ತಿದ್ದರು. ಕೂಲಿ ಹೆಚ್ಚಳ ಮತ್ತು ಸಂಘದ ಮಾನ್ಯತೆಗಾಗಿ 1912ರಲ್ಲಿ ಅವರು ಮುಷ್ಕರ ಹೂಡಿದರು. ಜಾಕ್ಲಿಂಗ್ ಸಂಘವನ್ನು ಮಾನ್ಯ ಮಾಡಲು ಒಪ್ಪಲಿಲ್ಲ. ಕಂಪನಿಯು ಬೇರೆ ಕೆಲಸಗಾರರನ್ನು ಕರೆಸಿ ಗಣಿಯನ್ನು ನಡೆಸಿತು, ಮುಷ್ಕರ ವಿಫಲವಾಯಿತು. ಜಾಕ್ಲಿಂಗರ ಸಾಧನೆಯ ಮೌಲ್ಯಮಾಪನದಲ್ಲಿ ಈ ಘಟನೆಯನ್ನೂ ಪರಿಗಣಿಸಬೇಕಾಗುತ್ತದೆ.

ನಂತರದ ಜೀವನ ಮತ್ತು ಪರಂಪರೆ

ಮೊದಲ ಮಹಾಯುದ್ಧದ ಕಾಲದಲ್ಲಿ ಜಾಕ್ಲಿಂಗ್ ಸರ್ಕಾರಿ ಸಿಡಿಮದ್ದು ಕಾರ್ಖಾನೆಗಳ ನಿರ್ಮಾಣದ ಹೊಣೆ ಹೊತ್ತರು. 1933ರಲ್ಲಿ ಅವರಿಗೆ ಜಾನ್ ಫ್ರಿಟ್ಜ್ ಪದಕ ಲಭಿಸಿತು. ಅವರು ಕ್ಯಾಲಿಫೋರ್ನಿಯಾದ ವುಡ್‌ಸೈಡ್‌ನಲ್ಲಿ ನಿಧನರಾದರು. ಯೂಟಾದ ಶಾಸನಸಭಾ ಭವನದಲ್ಲಿ ಅವರ ಪ್ರತಿಮೆಯಿದೆ. ಅವರು ಆರಂಭಿಸಿದ ವಿಧಾನವನ್ನು ಮುಂದೆ ಚಿಲಿ ಮೊದಲಾದ ದೇಶಗಳ ಪಾರ್ಫಿರಿ ಗಣಿಗಳೂ ಅನುಸರಿಸಿದವು. ಇಂದು ಜಗತ್ತಿನ ತಾಮ್ರದ ಬಹುಪಾಲು ಇಂತಹ ನಿಕ್ಷೇಪಗಳಿಂದಲೇ ದೊರೆಯುತ್ತಿದೆ.